ಬಿಸ್ಕತ್ ಡಬ್ಬಿಯೊಳಗಿನ ಬಿಲ್ಲೆ ಯಾರದು?

ಕಳೆದ ವರ್ಷ ರಮಜಾನ್‌ಗೆ ಮುಂಚೆ ಮನೆಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕನ್ನು ಕೆಳಗಿಳಿಸಿದೆವು. ಅದರ ತಳದಲ್ಲಿ ತುಕ್ಕು ಹಿಡಿದ ಒಂದು ಬಿಸ್ಕತ್ ಡಬ್ಬಿ ಇತ್ತು. ನನ್ನ ಮುತ್ತಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾ ಕಡೆಗೆ ಹೋಗಿ ಬಂದವರು. ಅಲ್ಲಿಂದ ಅವರು ತಂದ ಸಾಮಾನು ಆ ಡಬ್ಬಿಯಲ್ಲಿದೆ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಯಾರೂ ಸರಿಯಾಗಿ ನೋಡಿರಲಿಲ್ಲ.

ಡಬ್ಬಿಯಲ್ಲಿ ಎದ್ದು ಕಾಣುತ್ತಿದ್ದದ್ದು ಒಂದೇ ವಸ್ತು. ಸುತ್ತ ಎಲೆಗಳ ಹಾರ, ನಡುವೆ ಕೋಟೆ ಇರುವ ಒಂದು ಲೋಹದ ಬಿಲ್ಲೆ. "ನಮ್ಮ ಮಾವ ಕಪ್ತಾನರಾಗಿದ್ದರು. ಅವರ ಧೈರ್ಯ ನೋಡಿ ದೊರೆಗಳು ಕೊಟ್ಟದ್ದು ಅದು" ಎಂದು ದಾದಿ ನಾನು ಚಿಕ್ಕವನಿದ್ದಾಗಿನಿಂದ ಹೇಳುತ್ತಿದ್ದರು. ಮದುವೆ ಮನೆಗಳಲ್ಲಿ ಚಾಚಾ ಕೂಡ ಇದನ್ನೇ ಹೇಳುತ್ತಿದ್ದರು.

ಆ ದಿನಗಳಲ್ಲಿ ಚಾಚಾ ಅವರ ಆಟೋ ಇಂಜಿನ್ ಕೆಲಸಕ್ಕೆಂದು ಗ್ಯಾರೇಜಿನಲ್ಲಿ ನಿಂತಿತ್ತು. ಅವರು ಬಿಲ್ಲೆಯ ಫೋಟೊ ತೆಗೆದು ಹಳೆಯ ಸಾಮಾನು ಕೊಳ್ಳುವ ಒಬ್ಬರಿಗೆ ಕಳಿಸಿದರು. ಬಿಲ್ಲೆಗೆ 5,000 ರೂಪಾಯಿ, ಉಳಿದದ್ದಕ್ಕೆ ತೂಕದ ಲೆಕ್ಕ ಎಂದು ಉತ್ತರ ಬಂತು. ದಾದಿ ಬೇಡ ಎನ್ನಲಿಲ್ಲ. "ಮಾರುವುದಾದರೆ ಮಾರು. ಆದರೆ ಏನನ್ನು ಮಾರುತ್ತಿದ್ದೇವೆ ಅಂತ ಮೊದಲು ಗೊತ್ತಾಗಲಿ. ಇವನು ಇತಿಹಾಸ ಓದುತ್ತಾನಲ್ಲ, ಇವನೇ ನೋಡಿ ಹೇಳಲಿ" ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಚಾಚಾ ಹದಿನೈದು ದಿನ ಕಾಯಲು ಒಪ್ಪಿದರು.

ಆ ಹದಿನೈದು ದಿನಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು. ಹಾಗಾಗಿ ಇಂಥ ಡಬ್ಬಿ ನಿಮ್ಮ ಮನೆಯಲ್ಲೂ ಇರಬಹುದು.

ಮೊದಲ ಪಾಠ: ಉಜ್ಜಬೇಡಿ

ಡಬ್ಬಿಯನ್ನು ನಮ್ಮ ಇತಿಹಾಸದ ಮೇಡಂ ಹತ್ತಿರ ತೆಗೆದುಕೊಂಡು ಹೋದೆ. ಹೋಗುವ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಮಾಡಬೇಕೆಂದುಕೊಂಡಿದ್ದೆ. ಅದೃಷ್ಟಕ್ಕೆ ಮರೆತಿದ್ದೆ. ಮೇಡಂ ಕೇಳಿದ ಮೊದಲ ಪ್ರಶ್ನೆಯೇ "ಉಜ್ಜಿದ್ದೀಯಾ?" ಎಂಬುದು.

ಲೋಹದ ಮೇಲೆ ಕೂತ ಕಪ್ಪು ಪದರ ಕೊಳೆಯಲ್ಲ. ಅದು ವಯಸ್ಸಿನ ಗುರುತು. ಉಜ್ಜಿದರೆ ಸಣ್ಣ ಅಕ್ಷರಗಳು ಸವೆದು ಹೋಗುತ್ತವೆ, ಹಳೆಯದಕ್ಕೂ ಹೊಸ ನಕಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಎರಡನೆಯದಾಗಿ ಅವರು ಹೇಳಿದ್ದು, "ಹೆಸರು ಹೇಳುವ ಮೊದಲು ಕಂಡದ್ದನ್ನು ಬರೆ." ಜೀವಶಾಸ್ತ್ರದ ಲ್ಯಾಬಿನಿಂದ ಭೂತಗನ್ನಡಿ ತಂದು ಪಟ್ಟಿ ಮಾಡಿದೆ. ಡಬ್ಬಿಯಲ್ಲಿ ಆರು ವಸ್ತುಗಳಿದ್ದವು. ಕೋಟೆಯ ಬಿಲ್ಲೆ, ಒಂದು ಹಿತ್ತಾಳೆ ಗುಂಡಿ, ಮಾಸಿದ ಒಂದು ಬಟ್ಟೆ ತುಂಡು, ಇಂಗ್ಲಿಷ್ ಅಕ್ಷರಗಳ ಒಂದು ಹಿತ್ತಾಳೆ ಪಟ್ಟಿ, ಆರು ಮೂಲೆಯ ಒಂದು ನಕ್ಷತ್ರ, ಮತ್ತು ರಾಜನ ತಲೆ ಇರುವ ಒಂದು ದೊಡ್ಡ ನಾಣ್ಯ. ಆ ನಾಣ್ಯವನ್ನು ಹಿಂದೊಮ್ಮೆ ಬೆಳ್ಳಿ ರೂಪಾಯಿ ಎಂದುಕೊಂಡು ಅಂಗಡಿಗೆ ಒಯ್ದಿದ್ದರಂತೆ. ಬೆಳ್ಳಿಯಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಡಬ್ಬಿಗೆ ಹಾಕಿದ್ದರು.

ಕಿರೀಟ ಕಾಲವನ್ನು ಹೇಳುತ್ತದೆ

ಬ್ರಿಟಿಷ್ ಸೈನ್ಯದ ಲಾಂಛನಗಳಲ್ಲಿ ಅನೇಕವುಗಳ ಮೇಲೆ ಕಿರೀಟ ಇರುತ್ತದೆ. ಆ ಕಿರೀಟದ ಕಮಾನುಗಳನ್ನು ನೋಡಬೇಕು. ಕಮಾನು ದುಂಡಗೆ ಮೇಲೆದ್ದಿದ್ದರೆ ಅದು ರಾಜರ ಕಾಲದ್ದು, ಅಂದರೆ 1901ರಿಂದ 1952ರವರೆಗಿನದ್ದು. ಕಮಾನು ನಡುವೆ ತಗ್ಗಿದ್ದರೆ ಅದು ರಾಣಿ ಎಲಿಜಬೆತ್ ಕಾಲದ್ದು. ಆಕೆಯ ನಂತರ ಬಂದ ಮೂರನೇ ಚಾರ್ಲ್ಸ್ ಮತ್ತೆ ದುಂಡು ಕಮಾನನ್ನೇ ಆರಿಸಿಕೊಂಡಿದ್ದಾರೆ. ಆದ್ದರಿಂದ ದುಂಡು ಕಮಾನು ಕಂಡ ಕೂಡಲೇ ಯುದ್ಧಕಾಲದ್ದು ಎಂದು ತೀರ್ಮಾನಿಸಬಾರದು.

ನಮ್ಮ ಗುಂಡಿಯ ಮೇಲೆ ಸಿಂಹ, ಒಂಟಿಕೊಂಬಿನ ಕುದುರೆ ಮತ್ತು ದುಂಡು ಕಮಾನಿನ ಕಿರೀಟ ಇತ್ತು. ಬ್ರಿಟಿಷ್ ರಾಜಲಾಂಛನದ ಇಂಥ ಗುಂಡಿಯನ್ನು ಸೈನ್ಯದ ಬೇರೆ ಬೇರೆ ವಿಭಾಗದವರು ಹಾಕುತ್ತಿದ್ದರು. ಅದರಿಂದ ಕಾಲ ತಿಳಿಯುತ್ತದೆ, ರೆಜಿಮೆಂಟು ತಿಳಿಯುವುದಿಲ್ಲ. ಗುಂಡಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ತಯಾರಿಸಿದವರ ಹೆಸರು ಮತ್ತು ಊರು ಇರುತ್ತದೆ. ನಮ್ಮದರಲ್ಲಿ ಬರ್ಮಿಂಗ್‌ಹ್ಯಾಮ್ ಎಂದಿತ್ತು.

ಕಿರೀಟದ ಜೊತೆ ರಾಜನ ಹೆಸರಿನ ಮೊದಲಕ್ಷರಗಳೂ ಇರಬಹುದು. 'ಜಿ.ಆರ್.ಐ.' ಎಂದರೆ ಲ್ಯಾಟಿನ್‌ನಲ್ಲಿ 'ಜಾರ್ಜ್, ರಾಜ ಮತ್ತು ಚಕ್ರವರ್ತಿ'. ಚಕ್ರವರ್ತಿ ಎಂಬುದು ಭಾರತದ ಮೇಲಿನ ಅಧಿಕಾರದ ಬಿರುದು. ನಾವು ಸ್ವತಂತ್ರರಾದ ಮೇಲೆ 1948ರಲ್ಲಿ ಅವರು ಅದನ್ನು ಬಿಟ್ಟರು. ಆ ಕೊನೆಯ 'ಐ' ಅಕ್ಷರ ನಮ್ಮ ದೇಶದಿಂದಾಗಿ ಅಲ್ಲಿ ಕೂತದ್ದು ಎಂದು ತಿಳಿದಾಗ ನನಗೆ ವಿಚಿತ್ರ ಎನಿಸಿತು.

ಕಪ್ತಾನರ ಗುರುತು ಎಲ್ಲಿ?

ಮುತ್ತಜ್ಜ ಕಪ್ತಾನರು ಎಂಬ ಮಾತನ್ನು ಪರೀಕ್ಷಿಸಲು ದರ್ಜೆಯ ಗುರುತು ಬೇಕು. ಅದು ಸುಲಭ. ಅಧಿಕಾರಿಗಳ ಗುರುತು ಭುಜದ ಮೇಲೆ ಇರುತ್ತದೆ. ಒಂದು ನಕ್ಷತ್ರ ಸೆಕೆಂಡ್ ಲೆಫ್ಟಿನೆಂಟ್, ಎರಡು ಲೆಫ್ಟಿನೆಂಟ್, ಮೂರು ಕ್ಯಾಪ್ಟನ್, ಒಂದು ಕಿರೀಟ ಮೇಜರ್. ಕೆಳಗಿನ ದರ್ಜೆಯವರ ಗುರುತು ತೋಳಿನ ಮೇಲೆ ಇಂಗ್ಲಿಷಿನ 'ವಿ' ಆಕಾರದ ಪಟ್ಟಿಗಳಾಗಿ ಇರುತ್ತದೆ. ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಬ್ರಿಟಿಷ್ ದಳಗಳಲ್ಲಿ ಅದೇ ಪಟ್ಟಿಗಳಿಗೆ ಲ್ಯಾನ್ಸ್ ಕಾರ್ಪೊರಲ್, ಕಾರ್ಪೊರಲ್, ಸಾರ್ಜೆಂಟ್ ಎಂಬ ಹೆಸರು.

ಡಬ್ಬಿಯಲ್ಲಿದ್ದ ಆರು ಮೂಲೆಯ ನಕ್ಷತ್ರವನ್ನೇ ಮನೆಯವರು ಕಪ್ತಾನರ ನಕ್ಷತ್ರ ಎಂದುಕೊಂಡಿದ್ದರು. ಆದರೆ ಭುಜದ ನಕ್ಷತ್ರ ಚಿಕ್ಕದು, ಆಕಾರವೂ ಬೇರೆ. ಇದರ ನಡುವೆ ಜಿ.ಆರ್.ಐ. ಅಕ್ಷರಗಳು, ಸುತ್ತ 'ದಿ ಬರ್ಮಾ ಸ್ಟಾರ್' ಎಂಬ ಬರಹ ಇತ್ತು. ಇದು ಪದಕ. 1941ರ ಡಿಸೆಂಬರ್‌ನಿಂದ 1945ರ ಸೆಪ್ಟೆಂಬರ್‌ವರೆಗೆ ಬರ್ಮಾದ ಯುದ್ಧರಂಗದಲ್ಲಿ ಸೇವೆ ಮಾಡಿದವರಿಗೆ ಕೊಟ್ಟದ್ದು. ಸಿಪಾಯಿಗೂ ಜನರಲ್‌ಗೂ ಒಂದೇ ನಕ್ಷತ್ರ. ಹಾಗಾಗಿ ಮುತ್ತಜ್ಜ ಬರ್ಮಾ ರಂಗದಲ್ಲಿದ್ದರು ಎಂಬುದು ನಿಜವಾಯಿತು. ಕಪ್ತಾನರು ಎಂಬುದಕ್ಕೆ ಡಬ್ಬಿಯಲ್ಲಿ ಒಂದು ಸಾಕ್ಷಿಯೂ ಸಿಗಲಿಲ್ಲ.

ಬಟ್ಟೆ ತುಂಡು ಯಾವ ಪಡೆಯದು?

ಮಾಸಿದ ಬಟ್ಟೆ ತುಂಡಿನಲ್ಲಿ ಕೆಂಪು ಕಪ್ಪು ಬಣ್ಣದ ಗುರಾಣಿ, ಅದರ ಮೇಲೆ ಕೆಳಮುಖವಾದ ಬಿಳಿ ಕತ್ತಿ ಕಾಣುತ್ತಿತ್ತು. ತೋಳಿನ ಮೇಲೆ ಹೊಲಿದುಕೊಳ್ಳುವ ಇಂಥ ತುಂಡುಗಳು ರೆಜಿಮೆಂಟಿನವಲ್ಲ, ಅದಕ್ಕಿಂತ ದೊಡ್ಡ ಘಟಕಗಳವು, ಅಂದರೆ ಡಿವಿಷನ್ ಅಥವಾ ಆರ್ಮಿಯವು. ಶತ್ರುವಿಗೆ ಘಟಕದ ಹೆಸರು ತಿಳಿಯಬಾರದೆಂದು ಅಕ್ಷರಗಳ ಬದಲು ಹೆಚ್ಚಾಗಿ ಚಿತ್ರಗಳನ್ನು ಬಳಸುತ್ತಿದ್ದರು. 4ನೇ ಇಂಡಿಯನ್ ಡಿವಿಷನ್‌ಗೆ ಕೆಂಪು ಗಿಡುಗ, 5ನೆಯದಕ್ಕೆ ಕಪ್ಪಿನ ಮೇಲೆ ಕೆಂಪು ಚೆಂಡು, 7ನೆಯದಕ್ಕೆ ಹೊನ್ನಿನ ಬಾಣ, 17ನೆಯದಕ್ಕೆ ಕಪ್ಪು ಬೆಕ್ಕು, 23ನೆಯದಕ್ಕೆ ಕೆಂಪು ಹುಂಜ.

ನಮ್ಮದು 14ನೇ ಆರ್ಮಿಯದು. ಬರ್ಮಾದಲ್ಲಿ ಜಪಾನಿಗಳ ವಿರುದ್ಧ ಹೋರಾಡಿದ ಪಡೆ ಅದು. ಈ ಗುರುತನ್ನು ರೂಪಿಸಿದವರು ಅದರ ಸೇನಾಪತಿ ಜನರಲ್ ಸ್ಲಿಮ್. ಕೆಂಪು ಕಪ್ಪು ಎಂದರೆ ಬ್ರಿಟಿಷ್ ಮತ್ತು ಭಾರತೀಯ ಸೈನ್ಯಗಳ ಬಣ್ಣ. ಬರ್ಮಾವನ್ನು ಉತ್ತರದಿಂದ ದಕ್ಷಿಣಕ್ಕೆ ಇಳಿದು ಗೆಲ್ಲಬೇಕಿತ್ತು, ಆದ್ದರಿಂದ ಕತ್ತಿಯ ಮೊನೆ ಕೆಳಗೆ.

ಕೋಟೆಯ ಬಿಲ್ಲೆ

ಈಗ 5,000 ರೂಪಾಯಿಯ ಬಿಲ್ಲೆಗೆ ಬರೋಣ. ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡಿದೆ. ಟೋಪಿಯ ಬಿಲ್ಲೆಯ ಹಿಂದೆ ಎರಡು ಕೊಂಡಿಗಳಿರುತ್ತವೆ, ಇಲ್ಲವೇ ಬಟ್ಟೆಯ ಸೀಳಿನಲ್ಲಿ ತೂರಿಸಲು ಒಂದು ಉದ್ದನೆಯ ನಾಲಿಗೆ ಇರುತ್ತದೆ. ನಮ್ಮದರಲ್ಲಿ ನಾಲಿಗೆ ಇತ್ತು. ಅಂದರೆ ಇದು ಬಹುಮಾನದ ಪದಕ ಅಲ್ಲವೇ ಅಲ್ಲ, ಟೋಪಿಗೆ ಹಾಕುವ ಬಿಲ್ಲೆ. ಅಚ್ಚಿನಲ್ಲಿ ಒತ್ತಿ ಮಾಡಿದ ಅಸಲಿ ಬಿಲ್ಲೆಯ ಹಿಂಬದಿಯಲ್ಲಿ ಮುಂಬದಿಯ ಚಿತ್ರ ತಗ್ಗಾಗಿ ಮೂಡಿರುತ್ತದೆ. ಕರಗಿಸಿ ಎರಕ ಹೊಯ್ದ ನಕಲಿಯ ಹಿಂಬದಿ ದಪ್ಪಗೆ ಗಟ್ಟಿಯಾಗಿರುತ್ತದೆ, ಮರಳಿನಂಥ ಸಣ್ಣ ಗುಳಿಗಳೂ ಕಾಣಬಹುದು. ಹಳೆಯ ಅಚ್ಚಿನಿಂದಲೇ ಇತ್ತೀಚೆಗೆ ಒತ್ತಿದವೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಅಂಚು, ಮೂಗು, ಅಕ್ಷರ ಯಾವುದೂ ಸವೆದಿರುವುದಿಲ್ಲ. ಯುದ್ಧದ ನಡುವೆ ಲೋಹ ಉಳಿಸಲು ಪ್ಲಾಸ್ಟಿಕ್ ಬಿಲ್ಲೆಗಳನ್ನೂ ಮಾಡಿದ್ದರು. ಆದ್ದರಿಂದ ಪ್ಲಾಸ್ಟಿಕ್ ಎಂದ ಮಾತ್ರಕ್ಕೆ ಆಟಿಕೆ ಎಂದು ಎಸೆಯಬೇಡಿ.

ನಂತರ ಮುಂಬದಿ. ಕಿರೀಟ ಇರಲಿಲ್ಲ. ಕೋಟೆ ಮತ್ತು ಬೀಗದ ಕೈ, ಮೇಲೆ ಈಜಿಪ್ಟಿನ ಸ್ಫಿಂಕ್ಸ್, ಅದರಡಿ 'ಮಾರಬೂ' ಎಂಬ ಪದ, ಕೋಟೆಯ ಕೆಳಗೆ 'ಪ್ರೈಮಸ್ ಇನ್ ಇಂಡಿಸ್', ತಳದ ಪಟ್ಟಿಯಲ್ಲಿ 'ಡಾರ್ಸೆಟ್‌ಷೈರ್'.

ಡಾರ್ಸೆಟ್‌ಷೈರ್ ಎಂಬುದು ದಕ್ಷಿಣ ಇಂಗ್ಲೆಂಡಿನ ಒಂದು ಜಿಲ್ಲೆಯ ರೆಜಿಮೆಂಟು. 1881ರಲ್ಲಿ 39 ಮತ್ತು 54ನೇ ಕಾಲಾಳು ರೆಜಿಮೆಂಟುಗಳನ್ನು ಸೇರಿಸಿ ಮಾಡಿದ್ದು. ಕೋಟೆ ಮತ್ತು ಬೀಗದ ಕೈ ಜಿಬ್ರಾಲ್ಟರ್‌ನವು. 1779ರಿಂದ 1783ರವರೆಗೆ ಅಲ್ಲಿ ಮುತ್ತಿಗೆ ನಡೆದಾಗ 39ನೆಯವರು ಒಳಗಿದ್ದರು. ಸ್ಫಿಂಕ್ಸ್ ಮತ್ತು ಮಾರಬೂ 54ನೆಯವರ ನೆನಪು. 1801ರಲ್ಲಿ ಅಲೆಕ್ಸಾಂಡ್ರಿಯಾ ಹತ್ತಿರದ ಆ ಹೆಸರಿನ ಕೋಟೆಯನ್ನು ಅವರು ಹಿಡಿದಿದ್ದರು. 1951ರಲ್ಲಿ ರೆಜಿಮೆಂಟಿನ ಹೆಸರು ಬರಿ 'ಡಾರ್ಸೆಟ್' ಆಯಿತು. ಆದ್ದರಿಂದ ತಳದಲ್ಲಿ ಉದ್ದನೆಯ ಹೆಸರಿದ್ದರೆ ಆ ವಿನ್ಯಾಸ ಅದಕ್ಕಿಂತ ಹಿಂದಿನದು. ಕಿರೀಟ ಇಲ್ಲದ ಬಿಲ್ಲೆಯ ಕಾಲವನ್ನು ಹೀಗೂ ಹಿಡಿಯಬಹುದು.

'ಪ್ರೈಮಸ್ ಇನ್ ಇಂಡಿಸ್' ಎಂದರೇನು ಎಂದು ಮೇಡಂ ಅವರನ್ನು ಕೇಳಿದೆ. "ಭಾರತದಲ್ಲಿ ಮೊದಲಿಗರು" ಎಂದರು. ಬ್ರಿಟಿಷ್ ರಾಜನ ಸೈನ್ಯದಿಂದ ಭಾರತಕ್ಕೆ ಬಂದ ಮೊದಲ ರೆಜಿಮೆಂಟು 39ನೆಯದು. ಬಂದದ್ದು 1754ರಲ್ಲಿ. ಮೂರು ವರ್ಷಗಳ ನಂತರ, 1757ರಲ್ಲಿ, ಪ್ಲಾಸಿ ಕದನದಲ್ಲಿ ಸಿರಾಜುದ್ದೌಲನ ವಿರುದ್ಧ ಅವರ ಸೈನಿಕರೂ ಇದ್ದರು. ಪ್ಲಾಸಿಯನ್ನು ನಾವು ಪಠ್ಯಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದೇವೆ. ಅದರ ನೆನಪು ಎಂಬತ್ತು ವರ್ಷಗಳಿಂದ ನಮ್ಮ ಅಟ್ಟದ ಮೇಲಿತ್ತು. ಅದನ್ನೇ ನಾವು ನಮ್ಮ ಮನೆಯ ಹೆಮ್ಮೆ ಎಂದು ತೋರಿಸುತ್ತಿದ್ದೆವು.

ಈ ಬಿಲ್ಲೆ ಬರ್ಮಾ ರಂಗಕ್ಕೆ ಹೇಗೆ ಬಂತು? ರೆಜಿಮೆಂಟಿನ ಎಲ್ಲ ಬೆಟಾಲಿಯನ್‌ಗಳದ್ದೂ ಒಂದೇ ಬಿಲ್ಲೆ. 1ನೇ ಬೆಟಾಲಿಯನ್ ಮಾಲ್ಟಾ, ಸಿಸಿಲಿ, ನಾರ್ಮಂಡಿಯಲ್ಲಿತ್ತು. 2ನೆಯದು ನಾಗಾ ಗುಡ್ಡಗಳ ಕೊಹಿಮಾದಲ್ಲಿ ಹೋರಾಡಿತು. ಅಲ್ಲಿ ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಗಳದ ಆಚೆ ಈಚೆ ಎರಡೂ ಕಡೆಯವರು ವಾರಗಟ್ಟಲೆ ಗುಂಡಿ ತೋಡಿಕೊಂಡು ಕೂತಿದ್ದರು. 1944ರ ಮೇ 13ರಂದು ಆ ಜಾಗವನ್ನು ಗೆದ್ದವರು ಡಾರ್ಸೆಟ್‌ಗಳು. ಈಗ ಅಲ್ಲಿ ಕೊಹಿಮಾ ಯುದ್ಧ ಸಮಾಧಿಗಳಿವೆ. 1,400ಕ್ಕೂ ಹೆಚ್ಚು ಸೈನಿಕರನ್ನು ಅಲ್ಲಿ ಮಣ್ಣು ಮಾಡಿದ್ದಾರೆ. ಟೆನಿಸ್ ಅಂಗಳದ ಗೆರೆಗಳನ್ನು ಗುರುತಾಗಿ ಹಾಗೆಯೇ ಉಳಿಸಿದ್ದಾರೆ.

ಬಿಲ್ಲೆ ಒಂದೇ ಇದ್ದಿದ್ದರೆ ಕೊಹಿಮಾ ಎಂದು ಹೇಳುವಂತಿರಲಿಲ್ಲ. ಜೊತೆಗೆ ಬರ್ಮಾ ಸ್ಟಾರ್, 14ನೇ ಆರ್ಮಿಯ ಬಟ್ಟೆ ಇದ್ದುದರಿಂದ ಅದು 2ನೇ ಬೆಟಾಲಿಯನ್‌ನ ಯಾರೋ ಒಬ್ಬ ಬ್ರಿಟಿಷ್ ಸೈನಿಕನದ್ದು ಎಂದು ಊಹಿಸಬಹುದು. ಇದು ನಾನು ಕಲಿತ ದೊಡ್ಡ ಪಾಠ. ಒಂದು ವಸ್ತು ತಾನು ಯಾವ ಪಡೆಯದು ಎಂದು ಹೇಳುತ್ತದೆ, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಹೇಳುವುದಿಲ್ಲ. ಸೈನಿಕರು ಬಿಲ್ಲೆಗಳನ್ನು ಸಿಗರೇಟಿಗೆ, ಚಹಾಕ್ಕೆ ಬದಲಾಯಿಸಿಕೊಳ್ಳುತ್ತಿದ್ದರು, ಸ್ನೇಹಕ್ಕೆ ಕೊಡುತ್ತಿದ್ದರು, ನೆಲದ ಮೇಲೆ ಬಿದ್ದದ್ದನ್ನು ಎತ್ತಿಕೊಳ್ಳುತ್ತಿದ್ದರು. ಇವುಗಳಲ್ಲಿ ನಮ್ಮದು ಯಾವುದು ಎಂದು ಹೇಳಬಲ್ಲವರು ಮುತ್ತಜ್ಜ ಒಬ್ಬರೇ.

ಯಾರೂ ನೋಡದ ಎರಡು ವಸ್ತುಗಳು

ಇನ್ನು ಉಳಿದದ್ದು ಅಕ್ಷರಗಳ ಪಟ್ಟಿ ಮತ್ತು ನಾಣ್ಯ. ಪಟ್ಟಿಯಲ್ಲಿ 'ಆರ್.ಐ.ಎ.ಎಸ್.ಸಿ.' ಎಂದಿತ್ತು. ಅದು ಭುಜದ ಮೇಲೆ ಹಾಕುವಂಥದ್ದು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂದು ಅದರ ವಿಸ್ತಾರ. ಸೈನ್ಯಕ್ಕೆ ಅಕ್ಕಿ, ಹಿಟ್ಟು, ಪೆಟ್ರೋಲ್ ಒದಗಿಸುವ, ಲಾರಿ ಮತ್ತು ಹೇಸರಗತ್ತೆ ನಡೆಸುವ ವಿಭಾಗ. ಸ್ವಾತಂತ್ರ್ಯದ ನಂತರ ಅದು ಆರ್ಮಿ ಸರ್ವಿಸ್ ಕೋರ್ ಆಯಿತು. ಅದರ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ.

ನಾಣ್ಯ ನಾಣ್ಯವಾಗಿರಲಿಲ್ಲ. ಹಿಂಬದಿಯಲ್ಲಿ ಎರಡು ತಲೆಯ ಸರ್ಪದಂಥ ಪ್ರಾಣಿಯ ಮೇಲೆ ನಿಂತ ಸಿಂಹ, 1939–1945 ಎಂಬ ವರ್ಷ. ರಿಬ್ಬನ್ ಕಟ್ಟುವ ಮೇಲಿನ ಕೊಂಡಿ ಮುರಿದುಹೋಗಿದ್ದರಿಂದ ನಾಣ್ಯದಂತೆ ಕಾಣುತ್ತಿತ್ತು ಅಷ್ಟೇ. ಇದು 'ವಾರ್ ಮೆಡಲ್'. ತಾಮ್ರ ಮತ್ತು ನಿಕ್ಕಲ್ ಮಿಶ್ರಣದ್ದು. 28 ದಿನ ಸೇವೆ ಮಾಡಿದವರಿಗೆಲ್ಲ ಕೊಟ್ಟದ್ದು. ಶೌರ್ಯದ ಪದಕವಲ್ಲ, ಮಾರುಕಟ್ಟೆಯಲ್ಲಿ ಬೆಲೆಯೂ ಕಡಿಮೆ.

"ಅಂಚು ನೋಡು" ಎಂದರು ಮೇಡಂ. ಆ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರು ಹಾಕದೆ ಕೊಟ್ಟರು. ಆದರೆ ಭಾರತೀಯ ಸೈನಿಕರ ಪದಕಗಳ ಮೇಲೆ ಹೆಸರು ಒತ್ತಿಸಿದ್ದರು. ದುಂಡು ಪದಕಗಳಲ್ಲಿ ಅಂಚಿನ ಮೇಲೆ, ನಕ್ಷತ್ರಗಳಲ್ಲಿ ಹಿಂಬದಿಯಲ್ಲಿ.

ಭೂತಗನ್ನಡಿ ಹಿಡಿದು ಅಂಚನ್ನು ನಿಧಾನವಾಗಿ ತಿರುಗಿಸಿದೆ. ಮೊದಲು ಸಂಖ್ಯೆ. ನಂತರ 'ಡಿ.ವಿ.ಆರ್.', ಅಂದರೆ ಡ್ರೈವರ್. ಆಮೇಲೆ ನನ್ನ ಮುತ್ತಜ್ಜನ ಹೆಸರು. ಯಾವನೋ ಗುಮಾಸ್ತ ತನಗೆ ಕೇಳಿಸಿದಂತೆ ಬರೆದ ತಪ್ಪು ಸ್ಪೆಲ್ಲಿಂಗ್. ಕೊನೆಗೆ ಮತ್ತೆ ಆರ್.ಐ.ಎ.ಎಸ್.ಸಿ.

ಅವರು ಕಪ್ತಾನರಾಗಿರಲಿಲ್ಲ. ಲಾರಿ ಓಡಿಸುತ್ತಿದ್ದರು. ರೈಲು ನಿಲ್ಲುತ್ತಿದ್ದ ದಿಮಾಪುರದಿಂದ ಕೊಹಿಮಾ, ಅಲ್ಲಿಂದ ಇಂಫಾಲ್‌ಗೆ ಸುಮಾರು 210 ಕಿಲೋಮೀಟರ್ ಗುಡ್ಡದ ರಸ್ತೆ. 1944ರ ಜೂನ್ 22ರಂದು ಆ ರಸ್ತೆ ಮತ್ತೆ ತೆರೆಯುವವರೆಗೆ ಇಂಫಾಲ್‌ನಲ್ಲಿದ್ದವರಿಗೆ ಆಹಾರ, ಮದ್ದುಗುಂಡು ವಿಮಾನದಿಂದಲೇ ಬರಬೇಕಿತ್ತು. ರಂಗದ ಸೈನಿಕನಿಗೆ ಊಟ ಮುಟ್ಟಿಸಲು ಇಂಥ ಡ್ರೈವರ್‌ಗಳೇ ಬೇಕಿತ್ತು.

ದಾದಿಗೆ ಹೇಳಿದ್ದು

ಹದಿನಾಲ್ಕನೇ ದಿನ ಮಗ್ರಿಬ್ ಆದ ಮೇಲೆ ದಾದಿ ಮತ್ತು ಚಾಚಾ ಎದುರು ಡಬ್ಬಿ ತೆರೆದೆ. ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ಬಿಲ್ಲೆ ಬ್ರಿಟಿಷ್ ಸೈನಿಕನದ್ದು, ಬಹುಮಾನ ಅಲ್ಲ, ಮುತ್ತಜ್ಜ ಕಪ್ತಾನರಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ದಾದಿ ತುಂಬ ಹೊತ್ತು ಮಾತಾಡಲಿಲ್ಲ.

ಆಮೇಲೆ ಪದಕವನ್ನು ಅವರ ಕೈಗಿಟ್ಟು, ಅವರ ಬೆರಳನ್ನು ಅಂಚಿನ ಮೇಲೆ ಆಡಿಸಿದೆ. "ಇಲ್ಲಿ ಅವರ ಹೆಸರಿದೆ ದಾದಿ."

"ಅವರದೇನಾ?"

"ಅವರದೇ. ಬೇರೆ ಯಾರದೂ ಅಲ್ಲ."

ಚಾಚಾ ಪದಕ ತೆಗೆದುಕೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದರು. "ಏನಂತ ಇದೆ? ಇನ್ನೊಂದು ಸಲ ಓದು" ಎಂದರು. ಮೂರು ಸಲ ಓದಿಸಿದರು. "ಡ್ರೈವರ್" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನಕ್ಕರು. ನಮ್ಮ ದಾದಾ ಲಾರಿ ಓಡಿಸಿದವರು, ಚಾಚಾ ಆಟೋ ಓಡಿಸುವವರು.

ಇದನ್ನು ಮಾರುವ ಮಾತು ಅಲ್ಲಿಗೆ ನಿಂತಿತು. ಬಿಲ್ಲೆಯನ್ನಾದರೂ ಕೊಡೋಣವೇ ಎಂದು ಚಾಚಾ ಕೇಳಿದರು. ದಾದಿ ಬೇಡ ಎಂದರು. "ಅದು ಯಾರದೋ ಅಮಾನತ್ತು. ಇಷ್ಟು ವರ್ಷ ಇಟ್ಟುಕೊಂಡಿದ್ದೇವೆ, ಇನ್ನೂ ಇರಲಿ." ಚಾಚಾ ಆಟೋವನ್ನು ಚೀಟಿ ಎತ್ತಿ ಬಿಡಿಸಿಕೊಂಡರು. ಡಬ್ಬಿಯಲ್ಲಿ ಈಗ ಪ್ರತಿ ವಸ್ತುವಿಗೂ ಒಂದು ಚೀಟಿ ಇದೆ. ಅದು ಏನು, ಹೇಗೆ ಗೊತ್ತಾಯಿತು ಎಂದು ಅದರಲ್ಲಿ ಬರೆದಿದ್ದೇನೆ.

ನಿಮ್ಮ ಮನೆಯಲ್ಲೂ ಇದ್ದರೆ

ಉಜ್ಜಬೇಡಿ. ಮುಂದೆ, ಹಿಂದೆ, ಅಂಚು ಮೂರರ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಓದಲು ಬಂದ ಪ್ರತಿ ಅಕ್ಷರವನ್ನು ಬರೆದುಕೊಳ್ಳಿ, ಲ್ಯಾಟಿನ್ ಆದರೂ ಸರಿ. ಡಬ್ಬಿಯ ವಸ್ತುಗಳನ್ನು ಒಂದರಿಂದೊಂದು ಬೇರೆ ಮಾಡಬೇಡಿ. ಒಂದಕ್ಕೊಂದು ಸಾಕ್ಷಿ ಹೇಳುವುದು ಒಟ್ಟಿಗಿದ್ದಾಗ ಮಾತ್ರ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ, ಇಂಪೀರಿಯಲ್ ವಾರ್ ಮ್ಯೂಸಿಯಂಗಳು ತಮ್ಮ ಸಂಗ್ರಹದ ಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ, ಹೋಲಿಸಿ ನೋಡಬಹುದು. ಡಾರ್ಸೆಟ್‌ಗಳಿಗೆ ಇರುವಂತೆ ಅನೇಕ ರೆಜಿಮೆಂಟುಗಳಿಗೆ ಅವುಗಳದೇ ಮ್ಯೂಸಿಯಂ ಇದೆ. ಯುದ್ಧದಲ್ಲಿ ತೀರಿಕೊಂಡವರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಹುಡುಕಬಹುದು, ಅದರಲ್ಲಿ ಭಾರತೀಯರ ಹೆಸರುಗಳೂ ಇವೆ.

ಎಲ್ಲಕ್ಕಿಂತ ಮುಖ್ಯ, ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅವರು ಹೇಳುವುದರಲ್ಲಿ ತಪ್ಪಿರಬಹುದು. ಆದರೂ ಬರ್ಮಾ ಎಂಬ ಒಂದು ಪದವನ್ನು ದಾದಿ ನೆನಪಿಟ್ಟುಕೊಳ್ಳದಿದ್ದರೆ ನಾನು ಹುಡುಕಾಟ ಶುರು ಮಾಡಲು ದಾರಿಯೇ ಇರುತ್ತಿರಲಿಲ್ಲ. ಗುರುತು ಸಿಗದ ವಸ್ತು ಇದ್ದರೆ ಇತಿಹಾಸ ವಿಭಾಗಕ್ಕೆ ತನ್ನಿ. ಭೂತಗನ್ನಡಿ ಇನ್ನೂ ನನ್ನ ಹತ್ತಿರವೇ ಇದೆ, ಲ್ಯಾಬಿನವರು ಕೇಳುವ ಮುಂಚೆ ಬನ್ನಿ.